ಎಂಟು ನಾವ, ಒಂದು ದೋಣಿ

ನಗಿಪಾಟಲಾಗೂದು ನನ್ನ ಹಣೇಬಾರದಾಗ ಐತಿ. ಸುಮ್ಮ ಮನ್ಯಾಗ ಕುಂತ್ರೂ ಬಾಗಲಾ ಬಡದು ಒಳಗ ಬರ್ತೈತಿ. ಅಂಥಾದ್ರಾಗ ನಾನಾ ಎದ್ದು ಅದನ್ನ ಹುಡಿಕ್ಕೊಂಡು ಖಾನಾಪುರದ ಅಡವಿಗೆ ಹೋದ್ರ ಬಿಡ್ತೈತೇನು?

೧. ಕೊರಳಿಗೆ ಸೀಟಿ

ಎಪ್ಪತ್ತರ ದಶಕ ಮುಗಿಯಾಕ ಬಂದಿತ್ತು. ನಾನು ಬೆಳಗಾವ್ಯಾಗ ಒಂದು ಕಾರಖಾನ್ಯಾಗ ಕಾರಕೂನ. ಶಿವಬಸವ ನಗರದಾಗ ಇರತಿದ್ದ ನಮ್ಮ ಇಂಜಿನಿಯರ್ ಸಾಹೇಬ್ರನ್ನ ಕಂಪನಿ ಆರು ತಿಂಗಳ ಯಾವುದೋ ದ್ವೀಪದ ದೇಶಕ್ಕ ಟ್ರೇನಿಂಗಿಗೆ ಕಳಿಸಿತ್ತು. ಮಿಷನ್ ಬಗ್ಗೆ ಏನು ಕಲ್ತು ಬಂದ್ರೋ ದೇವರಿಗೇ ಗೊತ್ತು. ಬಂದಾವ್ರ ಹೇಳಿದ್ದು ಇಷ್ಟು: "ಅಲ್ಲಿ ಮುಂಜಾನಿ ಗೈಡ್ ಮುಂದ, ಮಂದಿ ಹಿಂದ, ಗುಡ್ಡಾ ಹತ್ತತಾರ. ಮಧ್ಯಾಹ್ನ ಸಣ್ಣ ಸಣ್ಣ ದೋಣ್ಯಾಗ ಕುಂತು ಹುಟ್ಟು ಹಾಕ್ಕೋತ ದ್ವೀಪ ಸುತ್ತತಾರ. ನಮ್ಮ ಖಾನಾಪುರದಾಗ ಏನು ಕಡಿಮಿ ಐತಿ? ಗುಡ್ಡಾ ಐತಿ, ಮಲಪ್ರಭಾ ಐತಿ, ಹೊಳಿ ನಡುವ ನಡುಗಡ್ಡಿನೂ ಐತಿ."

ಕಡಿಮಿ ಇದ್ದದ್ದು ಸಮುದ್ರ ಒಂದ. ಅದನ್ನ ಸಾಹೇಬ್ರಿಗೆ ಹೇಳಾಕ ನನಗೇನು ಹುಚ್ಚ ಹಿಡದಿತ್ತೇನು? ಇನ್ನ ಆ ನಡುಗಡ್ಡಿ! ನಾಕು ಎಮ್ಮಿ ಮಲಗಿದ್ರ ಐದನೇದು ನೀರಾಗ ನಿಂದರಬೇಕು, ಅಷ್ಟ ದೊಡ್ಡದು.

ನಾನು ಹುಟ್ಟಿದ್ದು ಪಾರಿಶ್ವಾಡದಾಗ. ಹೊಲಾ ಬಿಟ್ರ ಬ್ಯಾರೇ ಏನೂ ಕಂಡಾವಲ್ಲ. ಆದ್ರ ಖಾನಾಪುರ ತಾಲೂಕಿನಾಂವ ಅಂದ್ಮ್ಯಾಲ ಅಡವಿ ಎಲ್ಲಾ ಗೊತ್ತಿರ್ತೈತಿ ಅಂತ ತಿಳದು ಸಾಹೇಬ್ರು ನನ್ನ ಕೊರಳಿಗೆ ಒಂದು ಸೀಟಿ ಹಾಕಿ ಐತವಾರದ ಗೈಡ್ ಮಾಡಿದ್ರು.

"ಈಸಾಕ ಬರ್ತೈತಿ ಹೌದಲ್ಲೊ?" ಅಂತ ಕೇಳಿದ್ರು.

ನಾನು ತಲಿ ಅಲ್ಲಾಡಿಸಿದ್ನಿ. ಹೌದೋ ಅಲ್ಲೋ ಅನ್ನೂದು ಅವರಿಗೆ ಬಿಟ್ಟಿದ್ದು. ಖರೇ ಹೇಳಬೇಕಂದ್ರ, ಬಚ್ಚಲದಾಗ ಹಂಡೆ ತುಂಬಿದ್ರ ನಾನು ದೂರ ನಿಂತು ಚರಿಗಿ ಅದ್ದಾಂವ. ಆದ್ರ ಮರುದಿನದಿಂದ ಕಾರಖಾನಿ ಮಂದಿ ಎಲ್ಲಾ "ಗೈಡ್ ಸಾಹೇಬ್ರ, ನಮಸ್ಕಾರ್ರೀ" ಅನ್ನಾಕ ಹತ್ತಿದ್ರು. ಹನ್ನೆರಡು ವರ್ಷ "ಏ ಕಾರಕೂನ" ಅನಿಸಿಕೊಂಡಾಂವಗ ಆ ಹೆಸರು ಎಷ್ಟು ಸಿಹಿ ಆತಂತೀರಿ! ಈಸು ಬರೂದಿಲ್ಲ ಅನ್ನೂದು ಗೊತ್ತಾತಂದ್ರ ಆ ಹೆಸರು ಹೋದಂಗ. ಬಾಯಿ ಮುಚ್ಚಿಕೊಂಡು ಕುಂತ್ನಿ.

೨. ಹಕ್ಕಿ ಲಗ್ನ

ಮೊದಲನೇ ಐತವಾರ ರೈಲು ಹತ್ತಿ ಗುಂಜಿ ಸ್ಟೇಶನ್ನಿಗೆ ಇಳದು ಅಡವಿ ಹೊಕ್ಕಿವಿ. ನಮ್ಮ ಜೋಡಿ ರಿಟೈರ್ ಆದ ಸಾಲಿ ಟೀಚರ್ ಬಾಯಾರು ಒಬ್ಬರು ಬಂದಿದ್ರು, ಕೈಯಾಗ ವಹಿ ಪೆನ್ಸಿಲ್ ಹಿಡಕೊಂಡು. ಕಂಡ ಕಂಡ ಹಕ್ಕಿಗೆಲ್ಲಾ "ಇದರ ಹೆಸರೇನ್ರೀ?" ಅಂತ ಕೇಳಾವ್ರ, ಬರಕೊಳ್ಳಾವ್ರ.

ನನಗ ಗೊತ್ತಿದ್ದದ್ದು ಕಾಗಿ, ಗುಬ್ಬಿ, ಕೋಳಿ. ಗೈಡ್ ಆದಾಂವ ಗೊತ್ತಿಲ್ಲ ಅಂತ ಹೆಂಗ ಅನಬೇಕು? "ಇದು ಕೆಂಪುಬಾಲದ ಗುಂಜಿಗ್ಯಾ", "ಅದು ಅಡವಿ ಚಿಮಣಾ" ಅಂತ ಬಾಯಿಗೆ ಬಂದಂಗ ನಾಮಕರಣ ಮಾಡ್ಕೋತ ಹೊಂಟ್ನಿ.

ಸಂಜಿಕ ತಿರುಗಿ ಬರಾಗ ಬಾಯಾರು ತಟ್ಟನ ನಿಂತ್ರು. "ಗೈಡ್ ಸಾಹೇಬ್ರ, ಮುಂಜಾನಿ ಇದಕ್ಕ ಗುಂಜಿಗ್ಯಾ ಅಂದಿದ್ರಿ. ಈಗ ಟೊಪಗಿ ಹಕ್ಕಿ ಅಂತೀರಿ?"

ಬಾಯಾರು ಕನ್ನಡಕದ ಮ್ಯಾಲಿಂದ ನನ್ನ ನೋಡಿ, ವಹಿ ಮುಚ್ಚಿ ಅಂದ್ರು: "ಇರ್ಲಿ ಬಿಡ್ರಿ. ಮಧ್ಯಾಹ್ನ ಲಗ್ನ ಆಗಿರಬೇಕು. ಗಂಡನ ಮನಿಯವ್ರು ಹೆಸರ ಬದಲ ಮಾಡ್ಯಾರ."

೩. ಒಗದ ಪಟಕಾ

ಗುಡ್ಡಾ ಆತು, ಇನ್ನ ದೋಣಿ ಆಗಬೇಕಲ್ಲ? "ಎಂಟು ದೋಣಿ ಗೊತ್ತ ಮಾಡಿ ಬಾ" ಅಂತ ಸಾಹೇಬ್ರು ನನ್ನ ಖಾನಾಪುರಕ್ಕ ಅಟ್ಟಿದ್ರು. ಅಲ್ಲಿ ಹೊಳಿದಂಡ್ಯಾಗ ಒಬ್ಬಾಂವ ಅಂಬಿಗ ಮಾಮಾ, ಮರಾಠಿ ಮಾತಾಡಾಂವ. ನನ್ನ ಮರಾಠಿ ಅಂದ್ರ ಕಾಯಿಪಲ್ಲೆ ಸಂತಿಯಾಗ ಕಲ್ತದ್ದು. ಧೈರ್ಯಾ ಮಾಡಿ, "ಕಂಪನಿ ಸಾಹೇಬ್ರಿಗೆ ರವಿವಾರಿ ಆಠ ನಾವ ಪಾಯಜೆ" ಅಂದ್ನಿ. ಮಾಮಾ ಖುಷಿಲೆ ಗೋಣ ಹಾಕಿದ.

ಐತವಾರ ಹೋಗಿ ನೋಡ್ತೀವಿ, ಹೊಳಿಯಾಗ ಒಂದೂ ದೋಣಿ ಇಲ್ಲ. ದಂಡಿ ಮ್ಯಾಲ ಎಂಟು ಮಂದಿ ಗಂಡಸರು ಸಾಲಾಗಿ ನಿಂತಾರ. ಜಳಕಾ ಮಾಡಿ, ತಲಿಗೆ ಒಗದ ಪಟಕಾ ಸುತ್ತಿ, ಕೈಯಾಗ ರೇಶನ್ ಕಾರ್ಡ್ ಹಿಡಕೊಂಡು! ಮಾಮಾ ಒಂದು ಚೀಟಿ ನನ್ನ ಕೈಯಾಗಿಟ್ಟ. ಅದರಾಗ ಎಂಟು ಹೆಸರು.

ಮರಾಠಿಯೊಳಗ 'ನಾವ' ಅಂದ್ರ ದೋಣಿನೂ ಹೌದು, ಹೆಸರೂ ಹೌದು. ಕಂಪನಿಯಾಂವ ಬಂದು ಎಂಟು ನಾವ ಬೇಕು ಅಂದ್ರ ನೌಕರಿಗೆ ಅಂತನ ಅಲ್ಲೇನು ಯಾರರೆ ತಿಳಿಯೂದು?

ಮಾಮಾ ನನ್ನ ಕುಂದರಿಸಿ ಪಾಠಾ ಹೇಳಿದ. ದೋಣಿ ಅಂದ್ರ ಹೆಣ್ಣು. ಮುಳುಗಿದ್ರ 'ನಾವ ಬುಡಾಲೀ' ಅನಬೇಕು. ಹೆಸರು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅದು ಮುಳುಗಿದ್ರ, ಅಂದ್ರ ಮಾನ ಹೋದ್ರ, 'ನಾವ ಬುಡಾಲಂ'. "ಸಮಜಲಾ?" ಅಂದ.

ನಾನು ತಲಿ ಅಲ್ಲಾಡಿಸಿದ್ನಿ. ಆ ಎಂಟು ಮಂದಿ ಮಾತ್ರ ಅವತ್ತಿನಿಂದ ಪ್ರತಿ ಐತವಾರ ಒಗದ ಪಟಕಾ ಸುತ್ತಿ ಬಂದು, "ಸಾಹೇಬ, ನೌಕರಿ ಯಾವಾಗ?" ಅಂತ ಕೇಳೂದು ಬಿಡಲಿಲ್ಲ.

೪. ಕಾಯಕ

ದೋಣಿ ಸಿಗಲಿಲ್ಲಂತ ಸಾಹೇಬ್ರು ತಾವ ಚಿತ್ರಾ ಬರದು ಒಂದು ಮಾಡಿಸಿದ್ರು. ಮ್ಯಾಲಿಂದ ಪೂರಾ ಮುಚ್ಚಿದ್ದು, ನಡುವ ಕುಂದರಾಕ ಒಂದು ತೂತು. ಅದರ ಹೆಸರು ಕಯಾಕ ಅಂತ. ಮಾಡಿದಾಂವ ಬೆಳಗಾವಿ ಬಡಿಗ್ಯಾ ಚಾಚಾ, ಹುಟ್ಟಿದಾಗಿಂದ ಮಂಚಾ ಮಾಡಿದಾಂವ. ಒಯ್ಯಾಕ ಹೋದಾಗ, "ಕುಂದರಾಂವ ಯಾರು?" ಅಂತ ಕೇಳಿದ. ಸಾಹೇಬ್ರು ನನ್ನ ತೋರಿಸಿದ್ರು. ಚಾಚಾ ನನ್ನ ಮುಖಾ ನೋಡಿ, "ಅಲ್ಲಾ ಮಾಲಿಕ್ ಹೈ" ಅಂದು ಒಳಗ ಹೋದ.

ಮನಿಗೆ ಬಂದು ಹೆಂಡತಿಗೆ, "ಐತವಾರ ಕಯಾಕಕ್ಕ ಹೋಗ್ಬೇಕು" ಅಂದ್ನಿ. ನೀರಿನ ಮಾತು ಬಾಯಿ ಬಿಡಲಿಲ್ಲ. ಅಕಿ ಬಸವಣ್ಣನ ಭಕ್ತಿ ಇದ್ದ ಮನಿ ಮಗಳು. ಕಿವಿಗೆ ಬಿದ್ದದ್ದು 'ಕಾಯಕ'.

"ಅಯ್ಯ, ಐತವಾರ ಸೈತ ಕಾಯಕ ಮಾಡ್ತೀರೇನ್ರೀ! ನಾನೂ ಬರ್ತೀನಿ, ಕಣ್ಣತುಂಬ ನೋಡ್ತೀನಿ" ಅಂದ್ಳು. ಮದಿವ್ಯಾಗಿ ಹತ್ತು ವರ್ಷದಾಗ ಅಕಿ ನನ್ನ ಹಂಗ ಅಭಿಮಾನದಿಂದ ನೋಡಿದ್ದು ಅದ ಮೊದಲ. "ಹಂಗಾರ ರೊಟ್ಟಿ ಬುತ್ತಿ ಕಟ್ಕೋ" ಅಂದ್ನಿ.

೫. ನಾವ

ಐತವಾರ ಹೊಳಿದಂಡಿ ತುಂಬ ಮಂದಿ. ಸಾಹೇಬ್ರು, ವಹಿ ಹಿಡದ ಬಾಯಾರು, ಅರ್ಧಾ ಕಾರಖಾನಿ, ರೊಟ್ಟಿ ಬುತ್ತಿ ಹಿಡದ ನನ್ನ ಹೆಂಡತಿ, ಬಾಜೂಕ ರೇಶನ್ ಕಾರ್ಡ್ ಹಿಡದ ಎಂಟು ಮಂದಿ.

"ಮೊದಲ ಗೈಡ್!" ಅಂದ್ರು ಸಾಹೇಬ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನು ತೂತಿನಾಗ ಇಳದು ಕುಂತ್ನಿ. ಮಾಮಾ ಹಿಂದಿಂದ ನೂಕಿದ. ಒಂದು ಹುಟ್ಟು ಹಾಕಿದ್ನಿ. ಇನ್ನೊಂದು ಹಾಕೂದ್ರಾಗ ಆಕಾಶ ಕೆಳಗ, ಹೊಳಿ ಮ್ಯಾಲ!

ತೂತಿನಿಂದ ಹೆಂಗ ಹೊರಗ ಬಿದ್ನೋ ಗೊತ್ತಿಲ್ಲ. "ಸತ್ನ್ಯೋ ಯಪ್ಪೋ!" ಅಂತ ಒದರಿದ್ನಿ. ದಂಡಿ ಮ್ಯಾಲಿಂದ ನನ್ನ ಹೆಂಡತಿ ಅದಕ್ಕಿಂತ ಜೋರಲೆ ಒದರಿದ್ಳು: "ನಮ್ಮನಿಯವ್ರಿಗೆ ಈಸಾಕ ಬರೂದಿಲ್ರೆಪ್ಪೋ! ಹಂಡೇದ ನೀರಿಗೂ ಅಂಜತಾರ!"

ಇಡೀ ಕಾರಖಾನಿ ಕೇಳಿತು. ಆ ಎಂಟೂ ಮಂದಿ ಪಟಕಾ ಸೈತ ಹೊಳಿಗೆ ಹಾರಿ, ಕೈಗೊಬ್ಬ, ಕಾಲಿಗೊಬ್ಬ ಹಿಡದು, ಲಗ್ನದ ಮಂಚಾ ಹೊತ್ತಂಗ ನನ್ನ ಹೊತ್ಕೊಂಡು ಬಂದು ದಂಡಿಗೆ ಒಗದ್ರು. ಸಾಹೇಬ್ರು ನಗಿ ತಡಕೊಂಡು, "ನೀ ಎಂಟು ನಾವ ಬೇಕಂದಿದ್ದಿ ಅಲ್ಲೊ, ಉಪಯೋಗಕ್ಕ ಬಂದ್ವು ನೋಡು" ಅಂದ್ರು. ಬಾಯಾರು ವಹಿ ತಗದು, "ಈ ಪ್ರಾಣಿ ಹೆಸರೇನ್ರೀ?" ಅಂತ ಕೇಳಿದ್ರು.

ಅಂಬಿಗ ಮಾಮಾ ತಲಿಮ್ಯಾಲ ಕೈ ಹೊತ್ತು ನನ್ನ ಮುಂದ ಕುಂತ. "ಗೈಡ್ ಸಾಹೇಬ, ನಾವ ಬುಡಾಲಂ!"

ಬಾಯಿತುಂಬ ನೀರಿದ್ರೂ ನನ್ನ ಶಾಣ್ಯಾತನಾ ಎಲ್ಲಿ ಬಿಡ್ತೈತಿ? "ಮಾಮಾ, ತಪ್ಪಾತು. ದೋಣಿಗೆ ಬುಡಾಲೀ ಅನಬೇಕು. ನೀನ ಹೇಳಿಕೊಟ್ಟಿದ್ದಿ."

ಮಾಮಾ ಹೊಳಿ ಕಡೆ ಬಟ್ಟ ಮಾಡಿ ತೋರಿಸಿದ. ಚಾಚಾನ ದೋಣಿ ಬೋರಲ ಬಿದ್ರೂ ತಣ್ಣಗ ತೇಲ್ಕೋತ ಹೊಂಟಿತ್ತು.

"ಬುಡಾಲಂ" ಅಂದ ಮಾಮಾ, ಇನ್ನೊಮ್ಮೆ, ನನ್ನ ಕೊರಳಿನ ಸೀಟಿ ನೋಡಿ.