ಮೂಲ: ಹೆಂಡತಿ, ದರ್ಜೆ: ಡಿ

"ಇನ್ನು ಒಂದು ವಾರ ಈ ಮನೇಲಿ ಒಂದು ಇರುವೆ ಹರಿದಾಡಿದ್ರೂ ನನಗೆ ಗೊತ್ತಾಗ್ಬೇಕು!" ಎಂದು ಟೀಸಿ ಸಾಹೇಬರು ಸೋಮವಾರ ಬೆಳಿಗ್ಗೆ ಕನ್ನಡಿಯ ಮುಂದೆ ಶಪಥ ಮಾಡಿದರು.

ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಮುಖ ನೋಡಿಯೇ ಟಿಕೆಟ್ ಇಲ್ಲದವನನ್ನು ಹಿಡಿಯುತ್ತಿದ್ದರಂತೆ. ಹಾಗಂತ ಅವರೇ ಹೇಳುತ್ತಾರೆ. ನಿವೃತ್ತಿಯಾದ ಮೇಲೆ ಆ ಕಣ್ಣಿಗೆ ಕೆಲಸವಿಲ್ಲದಂತಾಗಿ ಕಾಲೇಜಿನ ಸಂಜೆ ತರಗತಿಗೆ ಸೇರಿಬಿಟ್ಟರು. ವಿಷಯ: ಗುಪ್ತಚರ ಮತ್ತು ಭದ್ರತಾ ಅಧ್ಯಯನ! ಮೊದಲ ಪರೀಕ್ಷೆಯಲ್ಲಿ ಐವತ್ತಕ್ಕೆ ಹನ್ನೊಂದು ಬಂತು.

"ಪ್ರಶ್ನೆಪತ್ರಿಕೆ ಅಚ್ಚೇ ಸರಿ ಇರ್ಲಿಲ್ಲ."

"ಕನ್ನಡಕ ಮಾಡಿಸ್ಕೊಳ್ರೀ," ಎಂದರು ಹೆಂಡತಿ.

"ಹದ್ದಿಗೆ ಕನ್ನಡಕವೇ!" ಎಂದು ಸಾಹೇಬರು ಮೂರು ದಿನ ಮಾತು ಬಿಟ್ಟರು. ಅದೇನೋ, ಮೂರನೆಯ ಪಾಠದಿಂದ ಕಾಲೇಜು ಕೊಡುವ ಹಾಳೆಯ ಅಕ್ಷರಗಳು ದೊಡ್ಡವಾದವು. "ಕಾಲೇಜಿನೋರಿಗೆ ಬುದ್ಧಿ ಬಂತು!" ಎಂದು ಮೀಸೆ ತಿರುವಿದರು.

ಈಗ ಎರಡನೆಯ ಪರೀಕ್ಷೆ. ಮನೆಯವರೊಬ್ಬರ ಮೇಲೆ ಅವರಿಗೇ ತಿಳಿಯದಂತೆ ಒಂದು ವಾರ ಕಣ್ಣಿಟ್ಟು ವರದಿ ಬರೆಯಬೇಕು. ಅವರನ್ನು ಸುದ್ದಿಯ 'ಮೂಲ' ಎಂದು ಕರೆದು, ಅವರ ಮಾತನ್ನು ಎಷ್ಟು ನಂಬಬಹುದೆಂದು 'ಎ'ಯಿಂದ 'ಎಫ್'ವರೆಗೆ ದರ್ಜೆ ಹಾಕಬೇಕು. ಇದರಲ್ಲೂ ಫೇಲಾದರೆ ಕಾಲೇಜಿನಿಂದ ಗೇಟ್‌ಪಾಸ್! ಮಗಳ ವಯಸ್ಸಿನ ಸಹಪಾಠಿಗಳ ಮುಂದೆ ಮರ್ಯಾದೆ ಹೋಗುವುದನ್ನು ನೆನೆದರೇ ಅವರಿಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಇರುವುದು ಇಬ್ಬರೇ. ಹಾಗಾಗಿ ಹೆಂಡತಿಯೇ ಗುರಿ.

ಸೋಮವಾರ: ಹೆಂಡತಿಯ ಬೆರಳಿಗೆ ನೀಲಿ ಶಾಯಿ. "ಸಾಮಾನಿನ ಪಟ್ಟಿ ಬರೀತಿದ್ದೆ" ಎಂದಳು. ದರ್ಜೆ 'ಡಿ'. ಮಂಗಳವಾರ: ಝೆರಾಕ್ಸ್ ಅಂಗಡಿಯಿಂದ ಹೊರಬಂದಳು. "ಸೂಜಿ ತರೋಕೆ ಹೋಗಿದ್ದೆ" ಎಂದಳು. ದರ್ಜೆ 'ಇ'. ಮಧ್ಯಾಹ್ನ ಎರಡರಿಂದ ನಾಲ್ಕು: ಯಾವ ಚಟುವಟಿಕೆಯೂ ಇಲ್ಲ.

ಆ ಎರಡು ಗಂಟೆ ಚಟುವಟಿಕೆ ಇಲ್ಲದಿದ್ದದ್ದು ಸಾಹೇಬರಿಗೆ. ಅದು ಅವರ ನಿದ್ದೆಯ ಹೊತ್ತು. ಬುಧವಾರ ಈ ಸತ್ಯ ಹೊಳೆದು, ಗುರುವಾರ ಮಂಚದ ಮೇಲೆ ಸುಳ್ಳು ಗೊರಕೆ ಶುರುಮಾಡಿದರು. ಹಿಂದಿನ ಕೋಣೆಯ ಚಿಲಕ ಬಿದ್ದ ಸದ್ದು! ಶಾಯಿ, ಝೆರಾಕ್ಸ್, ಚಿಲಕ... ತನ್ನ ಅಣ್ಣನಿಗೆ ಕಾಗದ ಬರೆಯುತ್ತಿದ್ದಾಳೆ! ನಾನು ಮೂರು ದಿನ ಮಾತು ಬಿಟ್ಟದ್ದಕ್ಕೆ ತವರಿಗೆ ಹೊರಡುವ ಏರ್ಪಾಡು! ಅವಳಿಲ್ಲದ ಮನೆಯನ್ನು ಅವರು ಒಂದು ದಿನವೂ ನೋಡಿದವರಲ್ಲ.

ಹಿತ್ತಲಿಗೆ ಹೋಗಿ, ಬಕೆಟ್ ಬೋರಲು ಹಾಕಿ ಹತ್ತಿ, ಕಿಟಕಿಗೆ ಕಣ್ಣಿಟ್ಟರು. ಗೊರಕೆ ಮಾತ್ರ ನಿಲ್ಲಿಸಲಿಲ್ಲ, ಅನುಮಾನ ಬರಬಾರದಲ್ಲ!

"ರೀ, ನಿಮ್ಮ ಗೊರಕೆ ಕಿಟಕಿ ಹತ್ರ ಬಂತಲ್ಲ?" ಒಳಗಿನಿಂದ ದನಿ.

ಬಕೆಟ್ ಜಾರಿತು. ಒಣಹಾಕಿದ್ದ ಹೊದಿಕೆಯನ್ನು ಹಗ್ಗದ ಸಮೇತ ಎಳೆದುಕೊಂಡು ಸಾಹೇಬರು ನೆಲ ಕಂಡರು. ಪಕ್ಕದ ಮನೆಯ ಬಡಗಿ "ಕಳ್ಳ, ಕಳ್ಳ!" ಎನ್ನುತ್ತ ಸುತ್ತಿಗೆ ಹಿಡಿದು ಕಾಂಪೌಂಡ್ ಹಾರಿ ಬಂದು, ಹೊದಿಕೆ ಸರಿಸಿ ನೋಡಿದ. "ಅಯ್ಯೋ, ಸಾಹೇಬ್ರಾ! ಟಿಕೆಟ್ ತಗೊಂಡಿದ್ದೀರಾ?"

ಹೆಂಡತಿ ಓಡಿಬಂದು ಗಂಡನ ಮಂಡಿಯ ಮಣ್ಣು ಒರೆಸಿದರು.

"ತವರಿಗೆ ಹೋಗ್ತೀಯೇನೇ? ನಿಜ ಹೇಳ್ಬಿಡು." ಸಾಹೇಬರು ಹೆಂಡತಿಯ ಸೆರಗು ಹಿಡಿದರು.

"ನೀವೇ ಓದಿ," ಎಂದು ಹೆಂಡತಿ ಕೈಯಲ್ಲಿದ್ದ ಹಾಳೆ ಕೊಟ್ಟರು.

ಅದು ಅವರದೇ ಆರನೆಯ ಪಾಠ! ಕಡಲೆಕಾಳು ಗಾತ್ರದ ದುಂಡು ಅಕ್ಷರಗಳಲ್ಲಿ!

"ಕನ್ನಡಕ ಅಂದ್ರೆ ನಿಮಗೆ ಕೋಪ. ಫೇಲಾದ್ರೆ ಊಟ ಬಿಡ್ತೀರಿ. ನಾನಿನ್ನೇನ್ ಮಾಡ್ಲಿ? ದೊಡ್ಡದಾಗಿ ಬರೆದು, ಕಾಲೇಜಿಂದೇ ಅನ್ನಿಸ್ಲಿ ಅಂತ ಝೆರಾಕ್ಸ್ ಮಾಡಿಸಿ ಫೈಲಿಗೆ ಹಾಕ್ತಿದ್ದೆ."

ಸಾಹೇಬರಿಗೆ ಅಳು ಬಂತು. ಬಡಗಿ ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ.

ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದರು. 'ಡಿ', 'ಇ' ಎಲ್ಲ ಹೊಡೆದುಹಾಕಿ 'ಮೂಲ: ಹೆಂಡತಿ, ದರ್ಜೆ: ಎ' ಎಂದು ತಿದ್ದಿದರು. ಮೇಷ್ಟರು ಪಾಸು ಮಾಡಿ, ಕೆಳಗೆ ಒಂದು ಸಾಲು ಸೇರಿಸಿದ್ದರು: "ಕಣ್ಣಿಟ್ಟವರ ದರ್ಜೆ: ಎಫ್. ಕಣ್ಣು ತೋರಿಸಿಕೊಳ್ಳಿ."

ಸಾಹೇಬರು ಗುಟ್ಟಾಗಿ ಕನ್ನಡಕ ಮಾಡಿಸಿಕೊಂಡರು. ಆದರೆ ಏಳನೆಯ ಪಾಠ ಬಂದ ಮರುದಿನ ಸಂಜೆ ಹೊಸ ಸಂಕಟ: ಇದು ಗೊತ್ತಾದರೆ ಆ ದುಂಡು ಅಕ್ಷರ ನಿಂತುಹೋಗುತ್ತದಲ್ಲ! ಕನ್ನಡಕವನ್ನು ಒಳಜೇಬಿಗೆ ಸೇರಿಸಿ, ಹಾಳೆಯನ್ನು ಮಾರುದೂರ ಹಿಡಿದು, "ಏನೂ ಕಾಣ್ತಾನೇ ಇಲ್ವಲ್ಲೇ!" ಎಂದು ನರಳಿದರು.

ಹೆಂಡತಿ ಅವರ ಮುಖ ನೋಡಿದರು, ಅಷ್ಟೇ.

"ಮೂಗಿನ ಮೇಲೆ ಎರಡು ಗುರುತು ಬಿದ್ದಿದೆ. ಒಳಜೇಬಲ್ಲಿರೋದನ್ನ ತೆಗೆದು ಹಾಕ್ಕೊಳ್ಳಿ," ಎಂದು, ಮಧ್ಯಾಹ್ನ ಅವರು ಮಲಗಿದ್ದಾಗಲೇ ದುಂಡಗೆ ಬರೆದು ಮುಗಿಸಿದ್ದ ಏಳನೆಯ ಪಾಠವನ್ನು ಅವರ ಮುಂದಿಟ್ಟರು.