ಮೆಹಕರದ ಕೆಂಪು ಚುಕ್ಕಿ

ಅಂದಿನ ಅನಾಹುತಕ್ಕೆಲ್ಲ ಮೂಲ ಒಂದು ಚೆಂಡು ಹೂವಿನ ಹಾರ. ಬೆಳಿಗ್ಗೆ ಅದನ್ನು ತಂದವರು ಬೀದರ ಕಚೇರಿಯ ವ್ಯವಸ್ಥಾಪಕ ಶಿವರಾಜಪ್ಪನವರು. ಸಂಜೆ ನಾಲ್ಕಕ್ಕೆ ಕಲಬುರಗಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅವರಿಗೊಂದು ಹಾರ ಕೊಂಡಾಗ ಹೂವಿನವನು ಒತ್ತಾಯ ಮಾಡಿ ಇನ್ನೊಂದನ್ನೂ ಕಟ್ಟಿಕೊಟ್ಟಿದ್ದ. ಸುಮ್ಮನೆ ಬಾಡುವುದು ಬೇಡವೆಂದು ಶಿವರಾಜಪ್ಪನವರು ಸ್ಟೂಲು ಹತ್ತಿ, ಗೋಡೆಯ ಮೇಲಿನ ದೊಡ್ಡ ಪರದೆಗೆ ಅದನ್ನು ಏರಿಸಿದರು. ಹಿಂದೆ ಕೈಯಾಡಿಸಿ, ಸಿಕ್ಕ ವೈರಿನ ಸುತ್ತ ದಾರ ಎಳೆದು ಬಿಗಿದು, ಕೆಳಗಿಳಿದು ಕೈ ಒರೆಸಿಕೊಂಡರು.

ಆ ಪರದೆಯನ್ನು ನೋಡುತ್ತ ಕೂರುವುದೇ ಸಂಘಪಾಲನ ನೌಕರಿ. ಭಾಲ್ಕಿ, ಔರಾದ ಎರಡೂ ತಾಲ್ಲೂಕಿನ ಹತ್ತೊಂಬತ್ತು ಊರುಗಳಲ್ಲಿ ಅವರ ಸಂಸ್ಥೆಯ ಸೇವಾ ಕೇಂದ್ರಗಳಿದ್ದವು. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ ಎಲ್ಲ ಅಲ್ಲಿ ನಡೆಯುತ್ತಿದ್ದವು. ಪ್ರತಿ ಕೇಂದ್ರಕ್ಕೂ ಊಟದ ಡಬ್ಬಿಯಷ್ಟು ದೊಡ್ಡದೊಂದು ಯಂತ್ರ ಕೊಟ್ಟಿದ್ದರು. ಎಲ್ಲರೂ ಅದನ್ನು ಡಬ್ಬಿ ಎಂದೇ ಕರೆಯುತ್ತಿದ್ದರು. ಡಬ್ಬಿ ನಿಮಿಷಕ್ಕೊಮ್ಮೆ 'ನಾನಿದ್ದೇನೆ' ಎಂದು ಬೀದರಿಗೆ ಸುದ್ದಿ ಕಳಿಸಬೇಕು. ಸುದ್ದಿ ಬಂದರೆ ಪರದೆಯ ಮೇಲೆ ಆ ಊರಿನ ಚುಕ್ಕಿ ಹಸಿರು, ಬಾರದಿದ್ದರೆ ಕೆಂಪು.

ಮೊದಮೊದಲು ಕರೆಂಟು ಹೋದಾಗಲೆಲ್ಲ ಪರದೆ ಕುಂಕುಮ ಚೆಲ್ಲಿದಂತೆ ಕಾಣುತ್ತಿತ್ತು. ಎಂಟು ತಿಂಗಳ ಹಿಂದೆ ಸಂಘಪಾಲ ಬೇಸತ್ತು ಎಲ್ಲ ಊರಿಗೂ ತಾನೇ ಒಂದು ಸುತ್ತೋಲೆ ಬರೆದ: 'ಯಾವ ಕಾರಣಕ್ಕೂ ಡಬ್ಬಿ ಬಂದ್ ಆಗಕೂಡದು.' ಅದಾದ ತಿಂಗಳೊಪ್ಪತ್ತಿನಲ್ಲೇ ಚುಕ್ಕಿಗಳೆಲ್ಲ ಹಸಿರಾದವು. ತನ್ನ ಬರವಣಿಗೆಗೆ ಇಷ್ಟು ಶಕ್ತಿ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ.

ನೌಕರಿ ಗುತ್ತಿಗೆಯದು, ಆ ತಿಂಗಳ ಕೊನೆಗೆ ಮುಗಿಯುವಂಥದ್ದು. ಆದರೆ ಅದು ಕಾಯಂ ಎಂದು ಹೇಳಿ ಅವನು ಸುಮನಳನ್ನು ಮದುವೆಯಾಗಿದ್ದ. ಮಾವನಿಗೆ ಇನ್ನೂ ಸತ್ಯ ಗೊತ್ತಾಗಿರಲಿಲ್ಲ.

"ನೋಡ್ರಿ ಸಂಘಪಾಲ," ಎಂದರು ಶಿವರಾಜಪ್ಪನವರು. "ಸಾಹೇಬ್ರು ಬಂದಾಗ ಎಲ್ಲಾ ಹಸಿರು ಇದ್ರ ಇನ್ನೆರಡು ವರ್ಷ ನಿಮ್ಮ ನೌಕರಿ ಪಕ್ಕಾ. ಒಂದರೇ ಕೆಂಪು ಕಂಡ್ರ ಬ್ಯಾರೆ ಮನುಷ್ಯಾನ ತರ್ತಾರ. ಆಮ್ಯಾಲ ನನಗ ಅನ್ನಬ್ಯಾಡ್ರಿ."

ಸಂಘಪಾಲ ತಲೆಯೆತ್ತಿ ನೋಡಿದ. ಹಾರದ ಕೆಳಗೆ ಹದಿನೆಂಟು ಚುಕ್ಕಿ ಹಸಿರಾಗಿದ್ದವು. ಮೆಹಕರದ್ದು ಕೆಂಪಾಗಿತ್ತು.

ಕೂಡಲೇ ಮೆಹಕರಕ್ಕೆ ಫೋನು ಹೋಯಿತು. ಅಲ್ಲಿ ಕೇಂದ್ರ ನಡೆಸುವವಳು ಅಂಜನಾಬಾಯಿ.

"ಕಸಾ ಹೊಡಿವಾಗ ಒಂದ ನಿಮಿಷ ತಗ್ದಿದ್ದೆರಿ ಸರ. ಮತ್ತ ಹಚ್ಚೇನಿ. ನನ್ನ ಕಣ್ಣ ಮುಂದ ಲೈಟ್ ಹತ್ತ್ಯಾದ."

"ಇಲ್ಲಿ ಕೆಂಪೇ ಅದರಿ ಬಾಯಿ!"

"ಇಲ್ಲಿ ಹಸಿರೇ ಅದರಿ ಸರ!"

ಪಕ್ಕದ ಮೇಜಿನ ತಸ್ಲೀಮ ಟಪಾಲು ನೋಡಿಕೊಳ್ಳುವವಳು; ಆದರೂ ಸಲಹೆಗೆ ಬಡತನವಿರಲಿಲ್ಲ. "ಫೋನಿನ್ಯಾಗ ಎಲ್ಲಾರೂ ಹಾಂಗೇ ಅಂತಾರ, ಭೈಯಾ. ನೀವೇ ಹೋಗಿ ನೋಡ್ರಿ. ಪರದಾ ನಾ ನೋಡ್ತೇನಿ, ಫಿಕರ್ ಮಾಡಬ್ಯಾಡ್ರಿ."

ಸಂಘಪಾಲ ಹೆಲ್ಮೆಟ್ ಹಾಕಿಕೊಂಡ. ಮಹಾರಾಷ್ಟ್ರದ ಗಡಿಯ ಮೆಹಕರ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿ, ಅವನ ಹುಬ್ಬಿನ ಮೇಲೆ ರಸ್ತೆಯ ಕೆಂಪು ಧೂಳು ಕೂತಿತ್ತು.

ಕೇಂದ್ರದ ಮುಂದೆ ಹನ್ನೆರಡು ಜನ ಪಾಳಿಯಲ್ಲಿ ನಿಂತಿದ್ದರು. ಒಳಗೆ ಅಂಜನಾಬಾಯಿ ಒಬ್ಬ ಮುದುಕಿಯ ಹೆಬ್ಬೆರಳನ್ನು ಒರೆಸಿ ಒರೆಸಿ ಬೆರಳಚ್ಚಿನ ಯಂತ್ರಕ್ಕೆ ಒತ್ತಿಸುತ್ತಿದ್ದಳು. ಡಬ್ಬಿಯ ಹಸಿರು ದೀಪ ಆರಾಮಾಗಿ ಮಿನುಗುತ್ತಿತ್ತು. ಇಷ್ಟು ಚೆಂದ ನಡೆಯುವ ಕೇಂದ್ರವನ್ನು ಸಂಘಪಾಲ ಮೊದಲು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಯಾವ ಕೇಂದ್ರವನ್ನೂ ಅವನು ಮೊದಲು ನೋಡಿರಲಿಲ್ಲ.

ಡಬ್ಬಿಯನ್ನು ಬಂದ್ ಮಾಡಿ ಚಾಲೂ ಮಾಡಿದ. ತಸ್ಲೀಮಳಿಗೆ ಫೋನು ಮಾಡಿದ. "ಕೆಂಪೇ ಅದ, ಭೈಯಾ." ವೈರು ಬದಲಿಸಿದ. "ಕೆಂಪು." ಡಬ್ಬಿಯನ್ನು ಕಿಟಕಿಯಲ್ಲಿಟ್ಟ, ಮಾಳಿಗೆಯ ಮೇಲಿಟ್ಟ. ಪಾಳಿಯಲ್ಲಿದ್ದವನೊಬ್ಬ ಅದನ್ನು ತಲೆಯ ಮೇಲೆ ಹೊತ್ತು ಅಂಗಳ ತುಂಬ ತಿರುಗಿದ. "ಬಿಲ್ಕುಲ್ ಕೆಂಪು!" ಎಂದಳು ತಸ್ಲೀಮ, ಒಂದು ಸಲವೂ ಬೇಸರಿಸದೆ.

"ಒಂದ ಮಾತು ಹೇಳ್ಲೇನ್ರಿ ಸರ?" ಎಂದಳು ಅಂಜನಾಬಾಯಿ. "ಭಾಲ್ಕಿ ಧೊಂಡಿಬಾ ಕಾಕಾನ ಹಂತ್ಯಾಕ ಒಯ್ರಿ. ಎಲ್ಲಾರ ಡಬ್ಬಿನೂ ಅಲ್ಲೇ ಅವ."

"ಅಲ್ಲೇ ಅವ ಅಂದ್ರ?"

"ಅಲ್ಲೇ ಅವರಿ. ನಾ ಒಬ್ಬಾಕಿನೇ ಕೊಟ್ಟಿಲ್ಲ. ಸರಕಾರಿ ಸಾಮಾನು ಮಂದಿ ಮನ್ಯಾಗ ಹ್ಯಾಂಗ ಇಡೋದು?"

ಸಂಘಪಾಲನಿಗೆ ಅರ್ಥವಾಗಲಿಲ್ಲ, ಕೇಳುತ್ತ ಕೂರಲು ಹೊತ್ತೂ ಇರಲಿಲ್ಲ. ಡಬ್ಬಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಅಂಜನಾಬಾಯಿ ವಹಿ ತೆಗೆದು, 'ಡಬ್ಬಿ ಒಯ್ದಿದ್ದೇನೆ, ಇಂದೇ ತಿರುಗಿ ಕೊಡುತ್ತೇನೆ' ಎಂದು ಬರೆಸಿಕೊಂಡು ಸಹಿ ಮಾಡಿಸಿಯೇ ಬಿಟ್ಟಳು.

ಧೊಂಡಿಬಾ ಭಾಲ್ಕಿಯ ಕೇಂದ್ರ ನೋಡಿಕೊಳ್ಳುವವನು. ಜೊತೆಗೆ ಮದುವೆಗಳಿಗೆ ಲೈಟು, ಮೈಕಿನ ಭೋಂಗಾ ಬಾಡಿಗೆ ಕೊಡುವ ಅಂಗಡಿಯೂ ಅವನದು; ಹಾಗಾಗಿ ಬ್ಯಾಟರಿ, ಇನ್ವರ್ಟರುಗಳಿಗೆ ಕೊರತೆಯಿರಲಿಲ್ಲ. ಸಂಘಪಾಲ ಒಳಗೆ ಕಾಲಿಟ್ಟಾಗ ಮೂರೂಮುಕ್ಕಾಲು. ಭೋಂಗಾಗಳ ಕೆಳಗಿನ ಕಪಾಟಿನಲ್ಲಿ ಹದಿನೆಂಟು ಡಬ್ಬಿಗಳು ಸಾಲಾಗಿ ಕೂತು ಹಸಿರು ಕಣ್ಣು ಮಿಟುಕಿಸುತ್ತಿದ್ದವು. ಪ್ರತಿಯೊಂದರ ಮೇಲೂ ಸುಣ್ಣದ ಕಡ್ಡಿಯಿಂದ ಊರ ಹೆಸರು ಬರೆದಿತ್ತು.

"ಇದೇನ್ರಿ ಕಾಕಾ ಇದು?"

"ಹಳ್ಳ್ಯಾಗ ಕರೆಂಟ್ ನಿಲ್ಲಲ್ಲರಿ. ಯಾವ ಕಾರಣಕ್ಕೂ ಡಬ್ಬಿ ಬಂದ್ ಆಗಬಾರದು ಅಂತ ನೀವೇ ಕಾಗದಾ ಕಳ್ಸಿದ್ರಿ. ಎಲ್ಲಿ ಇಡಬೇಕಂತ ಅದರಾಗ ಬರದಿದ್ದಿಲ್ಲ. ಒಳಗ ಸಿಮ್ ಅದ, ಎಲ್ಲಿಟ್ರೂ ಸುದ್ದಿ ಹೋಗ್ತದ. ಎಕಂಬಾದ್ದು ನಮ್ಮ ಅಳಿಯಂದು, ಬಸ್ಸಿನ್ಯಾಗ ಬಂತು. ಚಿಂತಾಕಿ ಕೇಂದ್ರಕ್ಕ ಕೀಲಿ ಬಿದ್ದು ಎರಡ ತಿಂಗಳಾತು. ಆದ್ರೂ ಡಬ್ಬಿ ಒಂದ ದಿನಾ ನಿಂತಿಲ್ಲ ನೋಡ್ರಿ!" ಧೊಂಡಿಬಾನ ದನಿಯಲ್ಲಿ ಹೆಮ್ಮೆ ಇತ್ತು.

ಸಂಘಪಾಲನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಭಯವಾಯಿತು. ಆಮೇಲೆ ಗಡಿಯಾರ ನೋಡಿದ. ಮಾವನ ಮುಖ ನೆನಪಾಯಿತು. ಚೀಲದಿಂದ ಮೆಹಕರದ ಡಬ್ಬಿ ತೆಗೆದು ಸಾಲಿನ ಕೊನೆಯ ಬೋರ್ಡಿಗೆ ಸಿಕ್ಕಿಸಿದ.

"ಅದಕ್ಕ ಹಚ್ಚಬ್ಯಾಡ್ರೀ!" ಎಂದು ಧೊಂಡಿಬಾ ಕೂಗುವುದರೊಳಗೆ ಠಪ್ಪೆಂದು ಸದ್ದಾಗಿ ಹದಿನೆಂಟು ಹಸಿರು ಕಣ್ಣುಗಳೂ ಒಟ್ಟಿಗೆ ಮುಚ್ಚಿಕೊಂಡವು.

"ಫ್ಯೂಜ್ ಹೋತು. ಆ ಬೋರ್ಡ್ ಕೆಟ್ಟದರಿ. ಹತ್ತು ನಿಮಿಷದಾಗ ಕಟ್ತೇನಿ ತಡೀರಿ."

ಸಂಘಪಾಲ ಫೋನು ಹಚ್ಚಿದ. "ಅಕ್ಕೋರೆ, ಈಗ ಏನ ಕಾಣ್ತದ?"

"ಎಲ್ಲಾ ಹಸಿರು, ಭೈಯಾ. ಮೆಹಕರ ಒಂದೇ ಕೆಂಪು."

ಸಂಘಪಾಲ ಸತ್ತು ಬಿದ್ದ ಡಬ್ಬಿಗಳನ್ನು ನೋಡಿದ. "ಹಾರಾ ಒಂದೀಟು ಸರಸ್ರಿ. ಮೂಲ್ಯಾಗ ಟೈಮ್ ತೋರಸ್ತದಲ್ಲ, ಎಷ್ಟ ಅದ?"

"ಒಂಬತ್ತು ಹನ್ನೆರಡು." ತಸ್ಲೀಮಳ ದನಿ ಸಣ್ಣಗಾಯಿತು. "ಆದ್ರ ಈಗ ಮೂರು ಐವತ್ತು ಅಲ್ಲೇನ್ರಿ?"

ಅಂಜನಾಬಾಯಿ ಕಸ ಹೊಡೆದ ಆ ಒಂದು ನಿಮಿಷದಲ್ಲೇ ಪರದೆ ನಿಂತುಹೋಗಿತ್ತು. ದಿನವಿಡೀ ಅದು ಹೊಸದೇನನ್ನೂ ತೋರಿಸಿರಲಿಲ್ಲ. ಮೆಹಕರಕ್ಕೆ ಏನೂ ಆಗಿರಲಿಲ್ಲ, ಅವನು ಹೋಗುವ ತನಕ.

"ಅಕ್ಕೋರೆ, ಕೈ ಮುಗಿತೇನಿ, ಪರದಾ ಯಾರೂ ಮುಟ್ಟಬ್ಯಾಡ್ರಿ! ಹತ್ತ ನಿಮಿಷ!"

"ಸಾಹೇಬ್ರು ಆಗಲೇ ಬಂದಾರ, ಭೈಯಾ. ಒಂದೇ ಕೆಂಪು ಅದ, ಅದನ್ನ ಸುಧಾರ್ಸಾಕ ನಮ್ಮವ್ರು ಸ್ವತಾ ಹೋಗ್ಯಾರ ಅಂದೆ. ಭಾಳ ಖುಷಿ ಆದ್ರು. ಹಾರದ ಹಿಂದ ವೈರ್ ಸಡ್ಲ ಆಗ್ಯಾದಂತ ಈಗ ಶಿವರಾಜಪ್ಪ ಸರ್ ಸ್ಟೂಲ್ ಹತ್ತ್ಯಾರ... ಯಾ ಅಲ್ಲಾ!"

"ಏನಾತ್ರಿ?"

"ಎಲ್ಲಾ ಕೆಂಪು, ಭೈಯಾ. ಹತ್ತೊಂಬತ್ತೂ."

ತಸ್ಲೀಮ ಫೋನು ಇಡಲು ಮರೆತಿದ್ದಳು. ಸಾಹೇಬರು ಗೋಡೆಯ ಮೇಲಿನ ಪಟ್ಟಿ ನೋಡಿ ಮೆಹಕರದ ನಂಬರು ಒತ್ತಿಸಿದ್ದು, ಅಂಜನಾಬಾಯಿಯ ದನಿ ಕೋಣೆಯ ತುಂಬ ಬಂದದ್ದು ಸಂಘಪಾಲನಿಗೆ ಸ್ಪಷ್ಟವಾಗಿ ಕೇಳಿಸಿತು.

"ಮುಂಜಾನಿಂದ ಛಲೋನೇ ನಡದಿತ್ರಿ ಸರ. ನಿಮ್ಮ ಮನುಷ್ಯಾ ಬಂದು ಬಿಚ್ಚಿಕೊಂಡು ಹೋದ್ರು. ಸಹಿ ತೊಗೊಂಡೇನಿ."

ಆಮೇಲೆ ಅಂಗಡಿಯ ಫೋನೇ ರಿಂಗಾಯಿತು. ಧೊಂಡಿಬಾ ಇಕ್ಕಳವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಫೋನೆತ್ತಿದ.

"ನಮಸ್ಕಾರ್ರಿ ಸಾಹೇಬ್ರ... ಎಂಟ ತಿಂಗಳಿಂದ ಒಂದ ನಿಮಿಷ ನಿಂತಿದ್ದಿಲ್ಲರಿ... ಹೌದ್ರಿ, ಬೀದರಿಂದ ಒಬ್ರು ಬಂದು ಕೈ ಹಾಕಿದ್ರು, ಎಲ್ಲಾ ಆರಿ ಹೋದ್ವು... ಇಲ್ಲೇ ನಿಂತಾರ, ಕೊಡ್ಲೇನ್ರಿ?"

ಕೊಟ್ಟ. ಸಾಹೇಬರು ನಾಲ್ಕೇ ಮಾತು ಆಡಿದರು. ನಾಳೆಯಿಂದ ಕಚೇರಿಗೆ ಬರುವುದು ಬೇಡ ಎಂಬುದು ಕೊನೆಯದು. ಸಂಘಪಾಲ "ಹೂಂ ಸರ್" ಎಂದು ಫೋನನ್ನು ಮರಳಿಸಿ, ಭೋಂಗಾ ಒಂದರ ಪಕ್ಕ ನೆಲದ ಮೇಲೆ ಕೂತ. ಮಾವನಿಗೆ ಏನು ಹೇಳುವುದೆಂದು ಯೋಚಿಸಿದ.

ಧೊಂಡಿಬಾ ಫ್ಯೂಜು ಕಟ್ಟಿ, ಮೆಹಕರದ ಡಬ್ಬಿಗೆ ಒಳ್ಳೆಯ ಬೋರ್ಡು ಹುಡುಕಿ ಕೊಟ್ಟ. ಹತ್ತೊಂಬತ್ತು ದೀಪಗಳೂ ಹತ್ತಿದವು. ಕೂಡಲೇ ತಸ್ಲೀಮಳ ಫೋನು ಬಂತು.

"ಭೈಯಾ, ಎಲ್ಲಾ ಹಸಿರಾದ್ವು! ಹತ್ತೊಂಬತ್ತೂ!"

"ಸಾಹೇಬ್ರು?"

"ಈಗಷ್ಟೇ ಗಾಡಿ ಹೋತ್ರಿ."

ಚಹಾ ಕುಡಿದು ಹೋಗಿರೆಂದು ಧೊಂಡಿಬಾ ಒತ್ತಾಯ ಮಾಡಿದ. ಸಂಘಪಾಲ ಕುಡಿದ. ವಹಿಯಲ್ಲಿ 'ಇಂದೇ ತಿರುಗಿ ಕೊಡುತ್ತೇನೆ' ಎಂದು ಬರೆದುಕೊಟ್ಟದ್ದು ನೆನಪಾಯಿತು. ನೌಕರಿ ಹೋದರೂ ಸಹಿ ಇತ್ತಲ್ಲ. ಮೆಹಕರದ ಡಬ್ಬಿಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಗಾಡಿ ಚಾಲೂ ಮಾಡಿದ.

ಭಾಲ್ಕಿ ದಾಟುವ ಮೊದಲೇ ಕಿಸೆಯಲ್ಲಿ ಫೋನು ರಿಂಗಾಯಿತು.

"ಭೈಯಾ, ಜಲ್ದಿ ನೋಡ್ರಿ," ಎಂದಳು ತಸ್ಲೀಮ, "ಮೆಹಕರ ಮತ್ತ ಕೆಂಪಾತು."

"ಗೊತ್ತದರಿ ಅಕ್ಕೋರೆ," ಎಂದ ಸಂಘಪಾಲ. "ಅಲ್ಲಿಗೇ ಹೊಂಟೇನಿ."