ಏಳನೆಯ ಕಲಮು

ಅರ್ಜಿಯ ಏಳನೆಯ ಕಲಮಿನ ಎದುರು ಬಿಟ್ಟಿದ್ದ ಜಾಗ ಒಂದೂವರೆ ಇಂಚು. ಅಂದಾಜಿನ ಮಾತಲ್ಲ, ಪಟ್ಟಿ ಇಟ್ಟು ಅಳೆದು ನೋಡಿದ್ದೆ. 'ಯೋಜನೆಯ ಗ್ರಾಮದಲ್ಲಿ ಅರ್ಜಿದಾರರ ಬಂಧುಗಳು ಇರುವರೇ? ಇದ್ದಲ್ಲಿ ವಿವರ' ಎಂಬುದು ಪ್ರಶ್ನೆ. 'ಇಲ್ಲ' ಎಂದು ಬರೆಯುವವರಿಗೆ ಒಂದೂವರೆ ಇಂಚು ಧಾರಾಳವಾಯಿತು. ವಿವರ ಕೊಡುವವರಿಗೂ ಅಷ್ಟೇ ಜಾಗ ಸಾಕೆಂದು ತಿಳಿದವರು ನಮ್ಮ ಸೀಮೆಯವರಾಗಿರಲಿಕ್ಕಿಲ್ಲ.

ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ವಿಶ್ವವಿದ್ಯಾಲಯದವರು ಆ ವರ್ಷ 'ವಿದ್ಯಾರ್ಥಿ ಪ್ರವಾಸ ಮತ್ತು ಸೇವಾ ಯೋಜನೆ' ಎಂಬ ಪುರಸ್ಕಾರಕ್ಕೆ ಅರ್ಜಿ ಕರೆದಿದ್ದರು. ಆಯ್ಕೆಯಾದವರು ರಜೆಯಲ್ಲಿ ಮೂರು ವಾರ ಒಂದು ಹಳ್ಳಿಯಲ್ಲಿದ್ದು ಏನಾದರೂ ಉಪಯೋಗದ ಕೆಲಸ ಮಾಡಬೇಕು. ಖರ್ಚು ಅವರದು. ಬಂಧುಗಳಿರುವ ಊರು ಮಾತ್ರ ನಡೆಯದು. ಹಿಂದಿನ ಸಲ ಒಬ್ಬ ಮಹಾಶಯ ಅಕ್ಕನ ಮನೆಯಲ್ಲಿ ಮೂರು ವಾರ ಉಂಡು ಬಂದು, ವರದಿಯಲ್ಲಿ ಎರಡು ಪುಟ ಅಲ್ಲಿಯ ಕರಿಂಡಿ ಚಟ್ನಿಯ ಬಗ್ಗೆ ಬರೆದಿದ್ದನಂತೆ. ಏಳನೆಯ ಕಲಮು ಹುಟ್ಟಿದ್ದು ಅವನಿಂದ.

ನನಗೆ ಆ ಪುರಸ್ಕಾರ ಬೇಕೇ ಬೇಕಾಗಿತ್ತು. ಸೇವೆಗಾಗಿ ಎಂದರೆ ಅರ್ಧ ಸತ್ಯ. ನನ್ನ ಊರು ಸಂಶಿ. ಅಲ್ಲಿಯ ಪೇಟೆಯಲ್ಲಿ ನಾನೊಂದು ಪೆನ್ನಿನ ನಿಬ್ಬು ಕೊಂಡರೆ, ನಾನು ಮನೆ ಮುಟ್ಟುವುದರೊಳಗೆ ಅದರ ಸುದ್ದಿ ಮನೆ ಮುಟ್ಟಿರುತ್ತಿತ್ತು. ಇಪ್ಪತ್ತೆರಡು ವರ್ಷ ಇಂಥವರ ಮಗಳು, ಇಂಥವರ ಮೊಮ್ಮಗಳು ಎಂದು ಕರೆಸಿಕೊಂಡು ನನಗೆ ಸಾಕಾಗಿತ್ತು. ಮೂರು ವಾರ ಯಾರ ಮಗಳೂ ಅಲ್ಲದೆ ಇರಬೇಕೆಂಬುದು ನನ್ನ ಆಸೆ. ಅರ್ಜಿಯಲ್ಲಿ 'ಉದ್ದೇಶ' ಎಂಬ ಕಲಮೂ ಇತ್ತು. ಅಲ್ಲಿ ಇದನ್ನು ಬರೆಯುವಂತಿರಲಿಲ್ಲವಾದ್ದರಿಂದ, ಹೆಣ್ಣುಮಕ್ಕಳಿಗೆ ಬಸ್ಸಿನ ಬೋರ್ಡು ಓದಲು ಕಲಿಸುವುದು ಎಂದು ಬರೆದೆ.

ಈ ವಿಚಾರ ಹೊಳೆದದ್ದು ನಮ್ಮ ಸೋಮಕ್ಕತ್ತೆಯಿಂದ. ಅವಳು ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಯೇ ಇದ್ದಳು. ಅಕ್ಷರ ಬಾರದು. ಒಮ್ಮೆ ನವಲಗುಂದಕ್ಕೆಂದು ಹೊರಟವಳು ಅಣ್ಣಿಗೇರಿಯ ಬಸ್ಸು ಹತ್ತಿಬಿಟ್ಟಳು. ಮನೆಯಲ್ಲಿ ಗಾಬರಿಯೋ ಗಾಬರಿ. ಮೂರನೆಯ ದಿನ ಹೊಸ ಕುಪ್ಪಸದ ಕಣ, ಒಂದು ಡಬ್ಬಿ ಉಂಡಿ ಹಿಡಿದುಕೊಂಡು ನಗುತ್ತ ಬಂದಿಳಿದಳು. "ಅಣ್ಣಿಗೇರ್ಯಾಗ ನಮ್ಮವರು ಸಿಕ್ರಲ್ಲ, ಬಿಡವಲ್ರು," ಎಂದಳು. ಹೀಗೆ ತಪ್ಪು ಬಸ್ಸು ಹತ್ತಿದರೂ ಸರಿಯಾದ ಮನೆ ಮುಟ್ಟುವ ಸೋಮಕ್ಕತ್ತೆಗೆ ನನ್ನ ಯೋಜನೆಯ ಅಗತ್ಯ ಎಳ್ಳಷ್ಟೂ ಇರಲಿಲ್ಲ.

ಅರ್ಜಿಯ ಕೊನೆಗೆ ಪಾಲಕರ ಸಹಿ ಬೇಕಿತ್ತು. ರವಿವಾರ ಊರಿಗೆ ಹೋಗಿ ಅಪ್ಪನ ಮುಂದಿಟ್ಟೆ. ಅಪ್ಪ ಕನ್ನಡಕ ಏರಿಸಿ ಪೂರ್ತಿ ಓದಿ, "ಆತು. ಆದ್ರ ನಮ್ಮವರು ಯಾರರೆ ಇದ್ದ ಊರಾದ್ರ ಸಹಿ. ಗುರ್ತಿಲ್ಲದ ಊರಿಗೆ ಹುಡುಗಿನ್ನ ಕಳಸೂದಿಲ್ಲ," ಎಂದರು. ವಿಶ್ವವಿದ್ಯಾಲಯ ಮತ್ತು ಅಪ್ಪ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಆದರೆ ಒಬ್ಬರಿಗೆ ಒಪ್ಪುವ ಉತ್ತರ ಇನ್ನೊಬ್ಬರಿಗೆ ನಡೆಯುತ್ತಿರಲಿಲ್ಲ.

ನಮ್ಮ ವಿಭಾಗದವರು ಕೊಟ್ಟ ಯಾದಿಯಲ್ಲಿ ಮೂರು ಊರುಗಳಿದ್ದವು. ಅಕ್ಕಿ ಆರಿಸುತ್ತಿದ್ದ ಸೋಮಕ್ಕತ್ತೆ ಮೊರವನ್ನು ಬದಿಗಿಟ್ಟು, "ಓದವಾ ನೋಡೂಣು," ಎಂದಳು.

"ದೇವಿಕೊಪ್ಪ," ಎಂದೆ.

"ಗಂಗವ್ವನ ನಾದಿನಿನ್ನ ಕೊಟ್ಟಾರ. ಪಡಸಾಲ್ಯಾಗ ಹಾಸಿಗಿ ಹಾಕಿ ಕೊಡತಾಳ. ಮುಂದಿಂದು?"

"ಮೊರಬ."

"ಮೊರಬದಾಗ ನಮ್ಮವರಲ್ಲದವರು ಯಾರದಾರಂತ ಕೇಳು. ಲಗೂನ ಮುಗೀತೈತಿ."

ಮೂರನೆಯ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಾರಣ ಆಮೇಲೆ ತಿಳಿಯುತ್ತದೆ. ಕಲಘಟಗಿಯ ಆಚೆ, ಕಾಡಂಚಿನ ಸಣ್ಣ ಊರು ಎಂದಿಟ್ಟುಕೊಳ್ಳಿ. ಅದನ್ನು ಓದಿದಾಗ ಸೋಮಕ್ಕತ್ತೆ ಬೆರಳು ಮಡಿಚಿ ಎಣಿಸಿ ನೋಡಿದಳು, ನಮ್ಮವರು ಒಬ್ಬರೂ ಸಿಗಲಿಲ್ಲ. ಅವಳು ಹಾಗೆ ಸೋತದ್ದನ್ನು ನಾನು ಅದೇ ಮೊದಲು ಕಂಡದ್ದು. ನನಗೆ ಒಳಗೊಳಗೇ ಸಂತೋಷವಾಯಿತು.

"ಹಂಗಾದ್ರ ಬ್ಯಾಡ," ಎಂದು ಅಪ್ಪ ಪೆನ್ನಿನ ಟೊಪ್ಪಿಗೆ ಹಾಕಿದರು. ಸಂತೋಷ ಅಲ್ಲಿಗೆ ಮುಗಿಯಿತು.

ಆದರೆ ಸೋಮಕ್ಕತ್ತೆಗೆ ಇದು ಮಾನದ ಪ್ರಶ್ನೆಯಾಯಿತು. ಸೆರಗು ಹೊದ್ದು ಹೊರಬಿದ್ದಳು. ಊರೂರು ತಿರುಗುವ ಬಳೆಗಾರ ಅಂದು ನಮ್ಮ ಓಣಿಗೆ ಬಂದಿದ್ದ. ಅವನಿಂದ ವಿಷಯ ತಿಳಿದುಕೊಂಡು, ಬೇಕಿಲ್ಲದ ಒಂದು ಡಜನ್ ಬಳೆ ಕೊಂಡು, ಗೆದ್ದವಳಂತೆ ತಿರುಗಿ ಬಂದಳು. "ಸಿಕ್ತು ತಮ್ಮಾ! ನಮ್ಮ ಮನಿಯವರ ತಂಗಿ ಇಲ್ಲ? ಅಕಿ ಅತ್ತಿ, ಆ ಅತ್ತಿಯ ತವರಮನಿ ಅಣ್ಣ, ಅವರ ಬೀಗರು, ಆ ಬೀಗರ ಮಗಳು ಗುರುಸಿದ್ದವ್ವ ಅಂತ. ಅದs ಊರಾಗ ಕೊಟ್ಟಾರ. ಊರ ಅಗಸಿ ಬಾಗಲ ಬಾಜೂನs ಮನಿ!"

ನಾನು ಕಾಗದದ ಮೇಲೆ ಗೆರೆ ಎಳೆದು ನೋಡಿದೆ. ಐದು ಗೆರೆಗಳಾದವು. "ನಡುವ ಇರೂ ಅತ್ತಿ, ಅಣ್ಣ ಇಬ್ಬರೂ ಈಗ ಇಲ್ಲಲ್ಲ ಬೇ," ಎಂದೆ.

"ಸತ್ರ ಏನಾತು, ಸಂಬಂಧ ಸಾಯ್ತೈತೇನ?"

"ಆ ಬೀಗರ ಜೋಡಿ ಆ ಅಣ್ಣನವರು ಮಾತ ಬಿಟ್ಟಿದ್ರಂತ ನೀನs ಹೇಳಿದ್ದಿ. ಮದಿವ್ಯಾಗ ಇವರನ್ನ ಎರಡನೇ ಪಂಕ್ತಿಗೆ ಕೂಡ್ರಿಸಿದ್ರಂತ."

ಸೋಮಕ್ಕತ್ತೆ ನನ್ನನ್ನು ಕನಿಕರದಿಂದ ನೋಡಿದಳು. "ಎಂ.ಎ. ಓದತೀ, ಇಷ್ಟು ತಿಳಿಯಂಗಿಲ್ಲ. ಸಂಬಂಧ ಇದ್ದವರs ಮಾತು ಬಿಡೂದು. ಇಲ್ಲದವರು ಯಾಕ ಬಿಡ್ತಾರ?"

ಅಪ್ಪ ಸಹಿ ಮಾಡಿದರು. ಬಳೆಗಳನ್ನು ಸೋಮಕ್ಕತ್ತೆ ನನಗೇ ಕೊಟ್ಟಳು.

ಸೋಮವಾರ ಹಾಸ್ಟೆಲಿನಲ್ಲಿ ಏಳನೆಯ ಕಲಮಿನ ಮುಂದೆ ಕುಳಿತೆ. ನನಗೆ ಸುಳ್ಳು ಬರೆದು ರೂಢಿಯಿಲ್ಲ. ಡೈರಿಯಲ್ಲಿ ಕೂಡ ಸ್ವಲ್ಪವೇ ತಲೆನೋವಿದ್ದರೆ 'ಸ್ವಲ್ಪ ತಲೆನೋವು' ಎಂದೇ ಬರೆಯುವವಳು. ಆದ್ದರಿಂದ ತರ್ಕ ಮಾಡಿದೆ: ಸರಪಳಿಯ ಎರಡು ಕೊಂಡಿಗಳು ಈಗಿಲ್ಲ, ನಾಲ್ಕನೆಯ ಗೆರೆಯಲ್ಲಿ ಮಾತಿಲ್ಲ, ಗುರುಸಿದ್ದವ್ವನ ಮುಖ ನಮ್ಮಲ್ಲಿ ಯಾರೂ ಕಂಡಿಲ್ಲ. ಇದಕ್ಕೆ ಬಂಧುತ್ವವೆಂದರೆ ಮೊರಬವೊಂದೇ ಏನು, ಭೂಮಂಡಲವೇ ನಮ್ಮ ಬೀಗರ ಮನೆ. 'ಇಲ್ಲ' ಎಂದು ಬರೆದೆ. ಅಕ್ಷರ ಅರ್ಧ ಇಂಚಿನಲ್ಲಿ ಮುಗಿಯಿತು. ಉಳಿದ ಒಂದು ಇಂಚು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದಂತೆ ಅನಿಸಿತು.

ಸಂದರ್ಶನದಲ್ಲಿ ವಯಸ್ಸಾದ ಪ್ರಾಧ್ಯಾಪಕರೊಬ್ಬರು, "ಅಲ್ಲೆ ನಿಮ್ಮವರು ಯಾರೂ ಇಲ್ಲಂತೀ. ಅಂಜಿಕಿ ಆಗೂದಿಲ್ಲೇನವಾ?" ಎಂದು ಕೇಳಿದರು. "ಇಲ್ಲಂತನs ಹೊಂಟೀನ್ರಿ ಸರ್," ಎಂದೆ. ನನ್ನ ಜೀವನದ ಒಂದೇ ಒಂದು ಧೈರ್ಯದ ಮಾತು ಅದು. ಅವರಿಗೆ ನಗು ಬಂತು. ಪುರಸ್ಕಾರ ನನಗೆ ಬಂತು.

ಊರು ಮುಟ್ಟಿದೆ. ಶಾಲೆಯ ಹಿಂದಿನ ಕೋಣೆಯಲ್ಲಿ ವಾಸ. ಸಂಜೆ ಕಟ್ಟೆಯ ಮೇಲೆ ಕರಿಹಲಗೆ ನಿಲ್ಲಿಸಿ, ಸುಣ್ಣದ ಕಡ್ಡಿಯಿಂದ 'ಕಲಘಟಗಿ' ಎಂದು ದುಂಡಗೆ ಬರೆದೆ. ಐದಾರು ಹೆಣ್ಣುಮಕ್ಕಳು ಕೊಡ ಹೊತ್ತುಕೊಂಡೇ ನಿಂತು ನೋಡಿದರು.

"ಯಾರ ಪೈಕಿ ನೀವು?" ಎಂದಳು ಒಬ್ಬಳು.

ಈ ಪ್ರಶ್ನೆಗೆ ಎಷ್ಟು ದಿನದಿಂದ ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೆ! "ಯಾರ ಪೈಕೀನೂ ಅಲ್ರಿ. ವಿಶ್ವವಿದ್ಯಾಲಯದಿಂದ ಬಂದೀನ್ರಿ."

"ಯಾರ ಪೈಕೀನೂ ಅಲ್ಲಂದ್ರ ಹೆಂಗ? ಗಿಡದಾಗ ಕಾಯಿ ಬಿಟ್ಟಂಗ ಬಿಟ್ಟೀರೇನು?"

ಎಲ್ಲರೂ ನಕ್ಕರು. ನಾನು ನಗಬೇಕಿತ್ತು. ನಗುವ ಬದಲು, ಶಿಸ್ತಿನವಳಾದ್ದರಿಂದ, ಹಾಜರಿ ಪುಸ್ತಕ ತೆರೆದು, "ನಿಮ್ಮ ಹೆಸರು ಹೇಳ್ರಿ, ಬರಕೋತೀನಿ," ಎಂದೆ. ಊರೂರಲ್ಲಿ ಸಂತಾನ ನಿಯಂತ್ರಣದ ಆಪರೇಷನ್ನಿಗೆ ಹೆಸರು ಬರೆದುಕೊಳ್ಳುತ್ತಿದ್ದ ಕಾಲ ಅದು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, "ಆಪರೇಷನ್ನಿಂದs ಇರಬೇಕು, ನಡೀ ಬೇ," ಎಂದದ್ದು ನನಗೂ ಕೇಳಿಸಿತು. ಕಟ್ಟೆಯ ಮುಂದೆ ಒದ್ದೆ ನೆಲವಷ್ಟೇ ಉಳಿಯಿತು.

ಎರಡನೆಯ ಸಂಜೆ ಯಾರೂ ಬರಲಿಲ್ಲ. ಮೂರನೆಯ ಸಂಜೆ ಒಂದು ಆಕಳು ಬಂದು ಸುಣ್ಣದ ಕಡ್ಡಿ ಮೂಸಿ ಹೋಯಿತು. ನಾನು ದಾರಿಯಲ್ಲಿ ಎದುರಾದರೆ ಮನೆಗಳ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ನಾಲ್ಕನೆಯ ಸಂಜೆ 'ಕಲಘಟಗಿ'ಯನ್ನು ಒರೆಸಿ, ಖಾಲಿ ಹಲಗೆಯ ಮುಂದೆ ಕುಳಿತು ಲೆಕ್ಕ ಹಾಕಿದೆ. ಯಾರ ಮಗಳೂ ಅಲ್ಲದೆ ಇರಲು ಇನ್ನೂ ಹದಿನೇಳು ದಿನ ಉಳಿದಿದ್ದವು. ನಾನು ಬಯಸಿದ್ದೆಲ್ಲವೂ ಅಕ್ಷರಶಃ ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡೆ. ಸೋಮಕ್ಕತ್ತೆ ಕೊಟ್ಟ ಬಳೆಗಳನ್ನು ಕೈಗೆ ಏರಿಸಿಕೊಂಡೆ. ಐದು ಗೆರೆಯ ಕಾಗದವನ್ನು ಮಡಿಚಿ ಮುಷ್ಟಿಯಲ್ಲಿ ಹಿಡಿದು, ಅಗಸಿಯ ಬಾಜೂಕಿನ ಮನೆಯ ಮುಂದೆ ನಿಂತು ಬಾಗಿಲು ಬಡಿದೆ. "ಯಾರವಾ? ಯಾರ ಪೈಕಿ?" ಎಂದು ಒಳಗಿನಿಂದ ಹೆಂಗಸಿನ ದನಿ ಕೇಳಿತು. ಕಾಗದ ನೋಡುವ ಅಗತ್ಯವೇ ಬೀಳಲಿಲ್ಲ. ಅತ್ತೆಯ ಗಂಡನ ತಂಗಿಯಿಂದ ಹಿಡಿದು ಗುರುಸಿದ್ದವ್ವನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಎರಡನೆಯ ಪಂಕ್ತಿಯ ಸಂಗತಿಯೊಂದನ್ನು ಮಾತ್ರ ಬಿಟ್ಟೆ.